ಮೂವತ್ತೆರಡು ಹಲ್ಲು

ಬೊಲೊನ್ಯಾದಿಂದ ತಂಗಿ ಫೋನು ಮಾಡಿದಳು:
ಮೆಹಾರಿ ಊರಿಗೆ ಬರುತ್ತಿದ್ದಾನೆ, ಸಾಮಾನಿನಲ್ಲಿ ಜಾಗವಿದೆ,
ಹೊಸ ಸೈಕಲ್ಲು ಬೇಕೋ ಬೇಡವೋ
ಭಾನುವಾರದೊಳಗೆ ಹೇಳು.

ಅಂದು ಗುರುವಾರ.
ಮಂಚದ ಪಕ್ಕ ಗೋಡೆಗೊರಗಿ ನಿಂತಿತ್ತು ನನ್ನದು,
ಉಕ್ಕಿನದು, ಒಂದು ಕಾಲಕ್ಕೆ ನೀಲಿ.
ಮದುವೆಗಿಂತ ಎರಡು ವರ್ಷ ಹಿರಿಯದು;
ಮದುವೆ ಮುರಿದು ಏಳು ವರ್ಷವಾದರೂ
ಇದು ಮುರಿದಿಲ್ಲ.

ಬೇಕು ಅನ್ನಲು ಕಾರಣಗಳಿಗೇನು ಬರವೇ?
ಬ್ರೇಕಿನ ರಬ್ಬರು ಇಡೀ ಅಸ್ಮಾರಾದಲ್ಲಿ ಸಿಗುವುದಿಲ್ಲ,
ಲಾರಿ ಟಯರು ಕೊಯ್ದು ಕೂರಿಸಿದ್ದೇನೆ.
ಗೇರು ತನಗೆ ಮನಸ್ಸು ಬಂದಾಗ ಬೀಳುತ್ತದೆ.
ನಿಜ. ಆದರೆ ಹತ್ತು ವರ್ಷದಿಂದ ಇವೆಲ್ಲ ಹೀಗೇ ಇವೆ.
ಹೊಸದಾಗಿ ಕೆಟ್ಟದ್ದು ಒಂದೇ:
ಅರ್ಬರೋಬದ ತಿರುವಿನಲ್ಲಿ ಪಕ್ಕದ ಬೀದಿಯ ಲುವಾಮ್,
ಹತ್ತೊಂಬತ್ತರ ಹುಡುಗಿ,
ಕ್ಲಬ್ಬು ಕೊಟ್ಟ ಕಾರ್ಬನ್ ಸೈಕಲ್ಲಿನ ಮೇಲೆ
"ಕೆಮೆಯ್ ಅಲೆಕಿ, ಹೇಗಿದ್ದೀರಿ?" ಎನ್ನುತ್ತಲೇ ದಾಟಿಹೋದಳು.
ಹೇಗಿದ್ದೇನೆಂದು ಹೇಳಲು ನನ್ನಲ್ಲಿ ಉಸಿರಿರಲಿಲ್ಲ.
ಕಳ್ಳಿಹಣ್ಣು ಮಾರುವ ಮಕ್ಕಳು ನಕ್ಕರು.
ಮೋಟುಗೋಡೆಯ ಮೇಲಿನ ಕೋತಿಗಳು ನಗಲಿಲ್ಲ,
ಅವಕ್ಕೆ ಹಣ್ಣಿನ ಮೇಲೇ ಕಣ್ಣು.

ಸಿನಿಮಾ ಮಂದಿರದ ಹಿಂದೆ ಗೆಬ್ರಾಯ್ ಅಜ್ಜನ ಅಂಗಡಿ.
ಚೌಕಟ್ಟನ್ನು ಉಗುರಿನಿಂದ ತಟ್ಟಿ ತಟ್ಟಿ ಕಿವಿಗೊಟ್ಟ,
ಮಡಕೆ ಕೊಳ್ಳುವವನ ಹಾಗೆ.
"ಬಿರುಕಿಲ್ಲ ಮಗಳೇ. ಇದು ನಿನ್ನನ್ನು ಮಣ್ಣು ಮಾಡಿ ಬರುತ್ತದೆ."
ನನಗೆ ಬೇಕಿದ್ದುದೇ ಬಿರುಕು,
ಕೂದಲೆಳೆಯಷ್ಟು, ತಂಗಿಗೆ ತೋರಿಸಲು.
"ಮತ್ತೆ ಯಾಕೆ ಇಷ್ಟು ನಿಧಾನ?"
ಅವನು ಸ್ಪ್ಯಾನರು ಒರೆಸಿದ, ಇನ್ನೊಮ್ಮೆ ಒರೆಸಿದ.
ಕುಣಿಯಲಾರದವಳಿಗೆ ನೆಲ ಡೊಂಕೆಂದು
ಮುಖಕ್ಕೇ ಹೇಳುವಷ್ಟು ಒರಟನಲ್ಲ.

ಶನಿವಾರ ನೆಫಾಸಿತ್‌ನ ಚಹಾದಂಗಡಿಯೆದುರು
ಲುವಾಮಳನ್ನು ಕೇಳಿಯೇಬಿಟ್ಟೆ: ಒಂದು ಸಲ, ಅದಲುಬದಲು?
ಸೀಟು ಎರಡು ಬೆರಳು ಏರಿಸಿದಳು, ನಾನು ಎರಡು ಬೆರಳು ಇಳಿಸಿದೆ.
ಮೊದಲ ತಿರುವಿಗೇ ಮುಂದೆ ಹೋದಳು,
ನನ್ನ ಸೈಕಲ್ಲಿನಲ್ಲಿ, ನನ್ನ ಲಾರಿ ರಬ್ಬರಿನ ಬ್ರೇಕಿನಲ್ಲಿ!
ಇಪ್ಪತ್ತೆರಡು ವರ್ಷದಲ್ಲಿ
ನನ್ನ ನೀಲಿಯನ್ನು ನಾನು ಹಿಂದಿನಿಂದ ನೋಡಿದ್ದೇ ಇಲ್ಲ.
ಎಷ್ಟು ಚೆಂದ ಹೋಗುತ್ತದೆ ಅದು,
ತೂಗಿ, ಬಳುಕಿ, ಯಾರದೋ ಆಗಿ.

ಅಲ್ಲಿಗೆ ತೀರ್ಮಾನವಾಯಿತು: ಬೇಡ.
ದುಡ್ಡು ತಂಗಿಗೇ ಉಳಿಯಲಿ.

ಅಷ್ಟರಲ್ಲಿ ಗಮನಿಸಿದೆ, ಮಂಡಿ ಮಾತಾಡುತ್ತಿಲ್ಲ.
ಆರನೇ ತಿರುವು, ಏಳು, ರಸ್ತೆ ಎದ್ದು ನಿಂತಿದೆ,
ನಾನು ಎದ್ದು ನಿಂತಿಲ್ಲ; ಕೂತೇ ತುಳಿಯುತ್ತಿದ್ದೇನೆ,
ಹಿಂದೆ ಊಟದ ತಟ್ಟೆಯಷ್ಟಗಲದ ಹಲ್ಲುಗಾಲಿ
ಮೆಲ್ಲಗೆ, ಸರಪಳಿಯನ್ನು ಅಗಿಯುತ್ತ.
ಮಕ್ಕಳ ಹತ್ತಿರ ನಿಲ್ಲಿಸಿ ಹಣ್ಣು ಕೊಂಡೆ, ಚೌಕಾಸಿ ಮಾಡಿದೆ,
ಚೌಕಾಸಿಗೆ ಬೇಕಾದಷ್ಟು ಉಸಿರಿತ್ತು!
ಕೆಳಗೆ ಕಣಿವೆಯ ತುಂಬ ಮಂಜು.
ಈ ದಾರಿಯಲ್ಲಿ ಅದನ್ನು ಕಡೆಯ ಸಲ ನೋಡಿದ್ದು ಯಾವಾಗ?
ವರ್ಷಗಟ್ಟಲೆ ನಾನು ನೋಡಿದ್ದು ಮುಂದಿನ ಟಯರು ಮಾತ್ರ.

ಮೇಲೆ ಲುವಾಮ್ ಕಲ್ಲಿನ ಮೇಲೆ ಕೂತು ಮಂಡಿ ಉಜ್ಜಿಕೊಳ್ಳುತ್ತಿದ್ದಳು.
"ಇದರಲ್ಲಿ ದಿನಾ ಹೇಗೆ ಹತ್ತುತ್ತೀರಿ?"
ಹಣ್ಣು ಸುಲಿದು ಕೊಟ್ಟೆ. ಹೇಗೆ ಅಂತ ನನಗೂ ಗೊತ್ತಿರಲಿಲ್ಲ.

ಭಾನುವಾರ ಚರ್ಚಿನಿಂದ ಬಂದು
ಬಿಳಿಯ ನೆಟ್ಸೆಲಾ ಮಡಿಸಿಟ್ಟು ಫೋನೆತ್ತಿದೆ.
ನೀಲಿಯನ್ನು ಮಾರುವುದಿಲ್ಲ, ಮೊದಲೇ ಹೇಳಿದ್ದೇನೆ.
ಪೇಟೆಗೆ, ಜ್ವರದ ಮಾತ್ರೆಗೆ, ಸುಮ್ಮನೆ ಸಂಜೆಗೆ ಅದೇ.
ಹೊಸದು ಹಗುರವೇ ಆಗಬೇಕಿಲ್ಲ, ಬಣ್ಣ ಯಾವುದಾದರೂ ಸರಿ.
ಹಿಂದಿನ ದೊಡ್ಡ ಹಲ್ಲುಗಾಲಿಯನ್ನು ಮಾತ್ರ
ಮೆಹಾರಿ ಬೆರಳಿಟ್ಟು ಎಣಿಸಲಿ: ಮೂವತ್ತೆರಡು ಹಲ್ಲು.

"ಮೂವತ್ತೆರಡಾ?" ತಂಗಿ ನಕ್ಕಳು,
"ನಿನ್ನ ಬಾಯಲ್ಲೇ ಅಷ್ಟಿಲ್ಲವಲ್ಲೇ ಅಕ್ಕಾ."

ಅದಕ್ಕೇ, ಅಂದೆ.
ಕಡಲೆ ಇನ್ನೂ ಇದೆ.