ನಡುಕದ ರಿಪೇರಿ

ಟಾಂಪೆರೆಯಲ್ಲಿ ನವೆಂಬರ್ ಅಂದರೆ
ಮಧ್ಯಾಹ್ನ ಮೂರೂವರೆಗೇ ದೀಪ.
ನನ್ನದು ನೆಲಮಾಳಿಗೆಯ ಅಂಗಡಿ; ಕಿಟಕಿಯಲ್ಲಿ
ಜನರ ಮುಖ ಕಾಣುವುದಿಲ್ಲ, ಬೂಟು ಮಾತ್ರ.
ಆವತ್ತು ಬಂದು ನಿಂತದ್ದು ಕಂದು ಬೂಟು,
ಲಾಡಿ ಕಟ್ಟದೆ ಒಳಗೇ ತುರುಕಿದ್ದು.

ರೌಹಾ ಅಂತ ಹೆಸರು. ಚೀಲದಿಂದ ತೆಗೆದಳು
ಮರದ ವೇಷ ಹಾಕಿದ ಪ್ಲಾಸ್ಟಿಕ್ ಪೆಟ್ಟಿಗೆ,
ಒಂದೇ ಒಂದು ಕಾರ್ಟ್ರಿಜ್, ಇಲಿಬಾಲದಂಥ
ವೈರಿನ ತುದಿಗೆ ತಿರುಗುಗುಂಡಿ.
"ಬ್ಯಾಟು ನಡುಗುತ್ತದೆ. ನಿಲ್ಲಿಸಿದಲ್ಲಿ ನಿಲ್ಲುವುದಿಲ್ಲ.
ಚೆಂಡು ಪಕ್ಕದಲ್ಲೇ ಜಾರಿ ಬಾವಿಗೆ ಬೀಳುತ್ತದೆ."

ಹಳೆಯ ರೋಗ ಇದು, ಎಂದೆ. ಗುಂಡಿಯೊಳಗೆ
ಕಾಡಿಗೆ ಬಳಿದ ಹಾಗೆ ಇಂಗಾಲದ ಅರ್ಧಚಂದ್ರ,
ಅದರ ಮೇಲೆ ಸವರುವ ಲೋಹದ ಬೆರಳು.
ನಲವತ್ತು ವರ್ಷದ ಧೂಳು ಕೂತರೆ
ಯಾವ ಬೆರಳು ತಾನೆ ನೆಟ್ಟಗೆ ಹೇಳೀತು
ತಾನು ಎಲ್ಲಿದ್ದೇನೆಂದು?

ಮೂರು ಸ್ಕ್ರೂ. ಹತ್ತಿ, ಸ್ಪಿರಿಟ್ಟು.
ನಾನು ಒರೆಸುತ್ತಿದ್ದರೆ ಆಕೆಯ ಮಾತು:
ಹೊಳೆದಂಡೆಯ ಕೆಂಪಿಟ್ಟಿಗೆಯ ಗಿರಣಿಯಲ್ಲಿ
ಹತ್ತೊಂಬತ್ತು ವರ್ಷ, ಒಬ್ಬಳಿಗೆ ಹನ್ನೆರಡು ಮಗ್ಗ.
ಕಿವಿ ಅಲ್ಲೇ ಬಿಟ್ಟುಬಂದೆ, ಎಂದಳು.
ಹೌದು, ನಾನು ಎಲ್ಲವನ್ನೂ ಎರಡೆರಡು ಸಲ ಹೇಳಬೇಕಿತ್ತು.
ಲಾಳಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ;
ನೂಲು ಹರಿಯಿತೋ, ಮಗ್ಗ ನಿಲ್ಲುವ ಮೊದಲೇ
ಬೆರಳಿಗೆ ಸುದ್ದಿ.
ಗಿರಣಿ ಮುಚ್ಚಿದ ವರ್ಷ ಕೈಗಿಟ್ಟ ದುಡ್ಡಲ್ಲಿ
ಉಳಿದವರು ಕೊಂಡದ್ದು ಕೋಟು, ಹೊಲಿಗೆ ಯಂತ್ರ.
ಈಕೆ ಇದನ್ನು ತಂದಳು. ತಂಗಿ ನಕ್ಕಳಂತೆ,
ಈ ವಯಸ್ಸಿನಲ್ಲಿ ಇಟ್ಟಿಗೆ ಒಡೆಯುತ್ತೀಯಾ ಅಂತ.
ಯಾವ ಗೋಡೆಯದು ಅಂತ ಮಾತ್ರ ಕೇಳಲಿಲ್ಲ.

ಟೀವಿಗೆ ಜೋಡಿಸಿದೆ. ಆರು ಸಾಲು ಇಟ್ಟಿಗೆ,
ಚಿಂದಿಬಟ್ಟೆಯಲ್ಲಿ ನೇಯ್ದ ಇಲ್ಲಿಯ ನೆಲಹಾಸಿನ ಪಟ್ಟೆ.
ನನ್ನ ಕೈಯಲ್ಲಿ ಬ್ಯಾಟು ಹೊಸಿಲಿನಷ್ಟು ಗಟ್ಟಿ.
ಟಕ್. ಟುಕ್.
ಸರಿಹೋಯಿತು, ಎಂದೆ, ಸ್ವಲ್ಪ ಜಂಬದಿಂದಲೇ,
ಗುಂಡಿ ಆಕೆಯ ಕೈಗೆ ಕೊಟ್ಟೆ.

ಬ್ಯಾಟು ನಡುಗಿತು.

ಇಬ್ಬರೂ ಪರದೆಯನ್ನೇ ನೋಡಿದೆವು.
ಕೈಯನ್ನು ಯಾರೂ ನೋಡಲಿಲ್ಲ.

ಇನ್ನೂ ಧೂಳಿರಬೇಕು, ಎಂದು ಸುಳ್ಳು ಹೇಳಿ
ಒಳಗೆ ಒಯ್ದು, ತೊಗರಿಕಾಳಿನಷ್ಟು ಕೆಪಾಸಿಟರ್ ಒಂದನ್ನು
ತಂತಿಗೆ ತಂತಿ ಅಡ್ಡ ಬೆಸೆದೆ:
ನಡುಕವನ್ನೆಲ್ಲ ಕುಡಿದು
ಸುಮ್ಮನೆ ಕೂರುವ ಜೀವ ಅದು.
ಈಗ ಬ್ಯಾಟು ಬೆಣ್ಣೆಯಲ್ಲಿ ಸರಿದ ಹಾಗೆ.
ಮೂರನೆಯ ಚೆಂಡಿಗೇ ಆಕೆಗೆ ತಿಳಿಯಿತು.

"ನಾನು ತಿರುಗಿಸಿದ ಮೇಲೆ ಇದು ಯೋಚನೆ ಮಾಡುತ್ತದೆ.
ಏನೋ ಹಾಕಿದ್ದೀಯ. ತೆಗಿ.
ನಮ್ಮ ಮೇಸ್ತ್ರಿಯೂ ಹೀಗೇ, ನನ್ನ ಬೆರಳು ಮುರಿದ ವರ್ಷ
ಮಗ್ಗಗಳ ವೇಗ ಇಳಿಸಿದ್ದ,
ನನಗೊಂದು ಮಾತು ಹೇಳದೆ."

ತೆಗೆದೆ.

ಆಮೇಲೆ ಆಡಿದಳು. ನನ್ನ ಕಾಫಿ ಆರಿತು.
ಒಂದಿದ್ದ ಬ್ಯಾಟು ಎರಡಾಗಿ ಕಾಣುತ್ತಿತ್ತು,
ಆ ಅಂಚಿಗೂ ಈ ಅಂಚಿಗೂ ಹೊಯ್ದಾಡುತ್ತ;
ಕೆಲವು ಸಲ ಚೆಂಡು ಇದ್ದ ಬ್ಯಾಟನ್ನು ತೂರಿ ಬಿತ್ತು,
ಕೆಲವು ಸಲ, ಆಣೆಯಿಟ್ಟು ಹೇಳುತ್ತೇನೆ,
ಇಲ್ಲದ ಬ್ಯಾಟಿಗೆ ಬಡಿದು ಮೇಲೆ ಹೋಯಿತು.
ಎಡಮೂಲೆಯಲ್ಲಿ ಕಂಡಿ ಕೊರೆದು
ಅದು ಗೋಡೆಯ ಹಿಂದಕ್ಕೆ ನುಗ್ಗಿ
ಸೂರಿಗೂ ಇಟ್ಟಿಗೆಗೂ ನಡುವೆ ತನ್ನಷ್ಟಕ್ಕೆ ಟಕಟಕ ಎನ್ನುವಾಗ
ಗುಂಡಿ ಬಿಟ್ಟು ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು.
"ಈಗ ಅದರ ಪಾಳಿ."

ನೀಲಿಯ ಎರಡು ಉಳಿದವು. ಚೆಂಡು ಮುಗಿದವು.
ಐದರ ಬಸ್ಸು ಯಾವಾಗಲೋ ಹೋಗಿತ್ತು.
ಎಷ್ಟು, ಎಂದಳು. ಸರಿಮಾಡಿದ್ದು ಏನೂ ಇಲ್ಲ, ಎಂದೆ,
ಎರಡನೆಯ ಸಲ ಇನ್ನೂ ಜೋರಾಗಿ.
ಒರೆಸಿದ್ದೀಯಲ್ಲ, ಎಂದು ಹತ್ತು ಯೂರೋ
ಚಿಲ್ಲರೆಯಲ್ಲೇ ಎಣಿಸಿಟ್ಟಳು ಮೇಜಿನ ಮೇಲೆ.
ಒಂದು ನಾಣ್ಯ ಕೈ ತಪ್ಪಿ, ನೆಟ್ಟಗೆ ನಿಂತು,
ಉರುಳಿ ಉರುಳಿ ಅಂಚಿಗೆ ಬಂತು.

ನಾನು ಕೈ ಚಾಚುವಷ್ಟರಲ್ಲಿ
ಹಿಡಿದಿದ್ದಳು.