ಪೋಲೆ

ದೊಡ್ಡಾಸ್ಪತ್ರೆ ಹೆಂಗಸರ ವಾರ್ಡಲ್ಲಿ
ಹದಿನೆಂಟು ವರ್ಷದಿಂದ ನೆಲ ಒರೆಸ್ತೀನಿ.
ಬರೋ ನರ್ಸಮ್ಮನ ಚಪ್ಪಲಿ ಸದ್ದಲ್ಲೇ ಹೇಳ್ತೀನಿ
ಸೂಜಿ ಮೆಲ್ಲಗೆ ಚುಚ್ಚೋಳೋ, ಮನೆ ಸಿಟ್ಟು ತಂದೋಳೋ ಅಂತ.
ಇವಳದ್ದು ಮಾತ್ರ ಸದ್ದೇ ಇರ್ತಿರಲಿಲ್ಲ.

ರೆಹೆಮಾ. ತಾಂಜಾನಿಯಾ.
ಅವಳ ಊರ ಪಕ್ಕ ಒಂದು ಕೆರೆಯಂತೆ, ಆಚೆ ದಡ ಕಾಣದ್ದು.
ನಮ್ಮ ಕನ್ನಂಬಾಡಿಗಿಂತ ದೊಡ್ಡದಾ ಅಂದೆ.
ನನ್ನ ಮುಖ ನೋಡಿ ಒಸಿ ಯೋಚಿಸಿ
ಹೆಚ್ಚುಕಮ್ಮಿ ಅಷ್ಟೇ ಆಂಟಿ, ಅಂದಳು.

ಮೊದಲ ದಿನವೇ ಏಳನೇ ಬೆಡ್ಡು,
ಕೊತ್ತತ್ತಿಯ ನಿಂಗಾಜಮ್ಮ.
ನರ ಸಿಗದ ಒಣಕಲು ಕೈಗೆ ಸೂಜಿ ಹಾಕ್ತಾ
ಪೋಲೆ, ಬೀಬಿ, ಪೋಲೆ ಅಂದಳು.
ಎದ್ದು ಕೂತಿತು ಮುದುಕಿ:
ಯಾರೇ ಪೋಲಿ? ಯಾರೇ ಬೀಬಿ?
ಏಳು ಹೆತ್ತೋಳು ಕಣೇ ನಾನು!
ವಾರ್ಡಿಗೆ ವಾರ್ಡೇ ಹೊಲಿಗೆ ಹಿಡ್ಕೊಂಡು ನಕ್ಕಿತು.

ಅವರ ಭಾಷೇಲಿ ಬೀಬಿ ಅಂದ್ರೆ ಅಜ್ಜಿ.
ಪೋಲೆ ಅಂದ್ರೆ...
ಅದಕ್ಕೆ ಕನ್ನಡ ಹುಡುಕಿ ಇಬ್ಬರೂ ಸೋತೆವು.
ಕ್ಷಮಿಸಿ ಅಂತ ಅಲ್ಲ, ತಪ್ಪು ಮಾಡದವರೂ ಹೇಳ್ತಾರಂತೆ.
ಪಾಪ ಅಂತಲೂ ಅಲ್ಲ,
ಪಾಪ ಅನ್ನೋದು ಬಾಗಿಲಾಚೆ ನಿಂತು.
ಇದು ಮಂಚದ ಅಂಚಲ್ಲಿ ಕೂತು ಅನ್ನೋದು.

ನಾಲ್ಕು ವರ್ಷದಲ್ಲಿ ನಮ್ಮ ನೋವೆಲ್ಲ ಬರ್ಕೊಂಡಳು
ಒಂದು ನೀಲಿ ನೋಟ್‌ಬುಕ್ಕಲ್ಲಿ:
ಹಿಂಡೋದು ಬೇರೆ, ಸೆಳೆಯೋದು ಬೇರೆ,
ಚುಳ್ ಅನ್ನೋದು, ಧಿಮ್ ಅನ್ನೋದು,
ಜೋಮು ಹಿಡಿಯೋದು, ಉರಿಯೋದು,
ಹೊಟ್ಟೆ ತೊಳಸೋದು,
ಆಮೇಲೆ, ಎಲ್ಲೂ ಇಲ್ಲ ಕಣವ್ವ, ಸುಮ್ನೆ ಸಂಕ್ಟ, ಅನ್ನೋದು.
ಅದರ ಮುಂದೆ ಒಂದು ಪ್ರಶ್ನೆ ಗುರುತು.

ಪಾಸಾದಳು. ಒಳ್ಳೇ ಕ್ಲಾಸಲ್ಲೇ.
ವಿದ್ಯಾರಣ್ಯಪುರದ ನರ್ಸಿಂಗ್ ಹೋಮಿನೋರು
ನಾಳೆಯಿಂದಲೇ ಬಾ ತಾಯಿ ಅಂದ್ರು,
ತಿಂಗಳಿಗೆ ಹದಿನಾರು ಸಾವಿರ, ರಾತ್ರಿ ಊಟ.
ಆ ಕಾಗದ ಪ್ಲಾಸ್ಟಿಕ್ ಕವರಲ್ಲಿ ಎದೆಗವಚಿ
ನಜರ್‌ಬಾದಿನ ಕಚೇರಿಗೆ ಹೋದೆವು.
ನನಗೆ ವಾರದ ರಜ, ಮಡಿಚಿಟ್ಟಿದ್ದ ಸೀರೆ.

ಆಫೀಸರು ಕೆಟ್ಟೋರೇನಲ್ಲ.
ಅವಳ ಕನ್ನಡ ಕೇಳಿ ಎದ್ದು ನಿಂತ್ರು, ಕಾಫಿ ತರ್ಸಿದ್ರು.
ಆಮೇಲೆ ಹೇಳಿದ್ರು: ನೀವು ಬಂದದ್ದು ಓದೋಕೆ, ಓದು ಮುಗೀತು.
ಇಲ್ಲಿ ದುಡಿಯೋಕೆ ಬೇರೆ ವೀಸಾ.
ಅದು ಸಿಗೋಕೆ ವರ್ಷಕ್ಕೆ ಇಷ್ಟು ಸಂಬಳ ಇರಬೇಕು ಅಂತ
ಒಂದು ಲೆಕ್ಕ ಚೀಟಿಯಲ್ಲಿ ಬರೆದು ತಳ್ಳಿದ್ರು.
ಸೊನ್ನೆ ಎಣಿಸಿದೆ.
ಅಷ್ಟು ನಮ್ಮ ವಾರ್ಡಿನ ಚಿಕ್ಕ ಡಾಕ್ಟರಿಗೂ ಬರಲ್ಲ, ಸ್ವಾಮಿ.
ಗೊತ್ತಮ್ಮ, ಅಂದ್ರು. ನಂಗೂ ಬರಲ್ಲ.

ಹೊರಗೆ ಬಿಸಿಲು.
ನಮ್ಮ ಸರೋಜಿ ಮಗಳು ಮಂಡ್ಯದಲ್ಲಿ
ಜರ್ಮನ್ ಉರು ಹೊಡೀತಿದ್ದಾಳೆ ಅಂತ ಹೇಳಿದೆ,
ಸುಮ್ಮನಿರೋಕಾಗದೆ.
ಅಲ್ಲಿ ಮುದುಕರು ಜಾಸ್ತಿಯಂತೆ, ಮಗ್ಗುಲು ತಿರುಗಿಸೋಕೆ ಜನ ಇಲ್ಲವಂತೆ.
ಅವಳಿಗೂ ಕಾಗದ, ಅವಳಿಗೂ ಸೀಲು.
ಅವಳು ಯಾವಾಗ ಹೋಗ್ತಾಳೆ ಆಂಟಿ?
ಎರಡು ಸಲ ಫೇಲು, ಅಂದೆ.
ನೋವಿನ ಹೆಸರು ಮೊದಲು ಕಲೀಲಿ ಅನ್ನಿ, ಅಂದಳು.
ಪರೀಕ್ಷೇಲಿ ಅದನ್ನ ಕೇಳ್ತಾರೋ ಇಲ್ವೋ ನನಗೆ ಗೊತ್ತಿಲ್ಲ.

ಹೋದಳು, ಮೇ ತಿಂಗಳ ಕೊನೇಲಿ.
ನೋಟ್‌ಬುಕ್ಕು ಬಿಟ್ಟು ಹೋಗ್ತಾಳೆ ಅಂದ್ಕೊಂಡಿದ್ದೆ.
ಇಲ್ಲ, ತಗೊಂಡೇ ಹೋದಳು.

ಮೊನ್ನೆ ನಿಂಗಾಜಮ್ಮ ಮತ್ತೆ ಬಂದ್ಳು, ಇನ್ನೂ ಸೊರಗಿ.
ಹೊಸ ಹುಡುಗಿ ಮೂರು ಕಡೆ ಚುಚ್ಚಿದ್ರೂ ನರ ಸಿಗಲಿಲ್ಲ.
ಎಲ್ಲೇ ಆ ಪೋಲಿ ಹುಡುಗಿ?
ನೈಟ್ ಡ್ಯೂಟಿ ಕಣವ್ವ, ಅಂದೆ.
ಮುದುಕಿ ಬಾಗಿಲನ್ನೇ ನೋಡ್ತು.
ನಾಲ್ಕನೇ ಸಲ ಸೂಜಿ ಎತ್ತಿದಾಗ
ಫಿನಾಯಿಲ್ ಕೈಯನ್ನ ಸೆರಗಿಗೆ ಒರೆಸಿ
ಅವಳ ಇನ್ನೊಂದು ಕೈ ಹಿಡಿದು
ಮೆಲ್ಲಗೆ ಅಂದೆ, ನನ್ನ ನಾಲಿಗೇಲಿ ಹೆಂಗೆ ಬರ್ತದೋ ಹಂಗೆ.

ಯಾರೇ ಪೋಲಿ, ಅಂತ ಬೈದಳು.
ಕೈ ಮಾತ್ರ ಬಿಡಿಸ್ಕೊಳ್ಳಲಿಲ್ಲ.