ಸ್ಕ್ವಾರ್ತ್ಸ

ಒರ್ಹೇಯ್ ಊರಿನ ಆಸ್ಪತ್ರೆ, ಮೂರನೆಯ ಮಹಡಿ.
ಕಪ್ಪು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು
ಡಾಕ್ಟರ್ ಚೆಬೋತಾರು ಅಂದರು:
"ನೋಡಿ, ಪೆಟ್ಟು ಬಿದ್ದದ್ದು ಇಲ್ಲಿ, ಎಡಗಡೆ,
ಸ್ಕ್ವಾರ್ತ್ಸದ ಮೇಲೆ."

ನಾನು ನಕ್ಕುಬಿಟ್ಟೆ. ಅವರು ತಪ್ಪು ತಿಳಿದಿರಬೇಕು.
ಮಿದುಳಿನ ಮೇಲ್ಪದರಕ್ಕೂ ಅದೇ ಹೆಸರೆಂದು
ಐವತ್ತೆರಡು ವರ್ಷ ನನಗೆ ಯಾರೂ ಹೇಳಿರಲಿಲ್ಲ.
ನಮ್ಮ ಮನೆಯಲ್ಲಿ ಸ್ಕ್ವಾರ್ತ್ಸ ಎಂದರೆ
ಗೋಡೆ ಹೊದ್ದ ಉಣ್ಣೆ.
ಅಜ್ಜಿ ನೇಯ್ದದ್ದೊಂದು, ಅಮ್ಮ ನೇಯ್ದವು ಒಂಬತ್ತು,
ದೊಡ್ಡ ಕೋಣೆಯಲ್ಲಿ, ಯಾರೂ ಮಲಗದ ಮಂಚದ ಹಿಂದೆ,
ಕಪ್ಪು ನೆಲದಲ್ಲಿ ಕೆಂಪು ಗುಲಾಬಿ,
ಮೂಲೆಯಲ್ಲಿ ಇಸವಿ, ಎರಡು ಅಕ್ಷರ.

ಮರದ ತೊಗಟೆಯೂ ಸ್ಕ್ವಾರ್ತ್ಸವೇ.
ರಾವುತ್ ಹೊಳೆಯಂಚಿನ ಆಲ್ಡರ್ ಮರದಿಂದ ಸುಲಿದು ತಂದು
ತುಕ್ಕು ಮೊಳೆ ಒಂದು ಹಿಡಿ ಹಾಕಿ
ಅಮ್ಮ ಅಂಗಳದಲ್ಲಿ ಕುದಿಸುತ್ತಿದ್ದಳು.
ಆ ಕಪ್ಪು ಅದರದ್ದೇ. ತೊಗಟೆಯ ಬಣ್ಣ ತೊಗಟೆಗೇ.

ಪುಸ್ತಕದ ರಟ್ಟೂ ಅದೇ. ಮೇಷ್ಟ್ರು ರೇಗುತ್ತಿದ್ದರು:
"ಓದಿದರೆ ಸ್ಕ್ವಾರ್ತ್ಸದಿಂದ ಸ್ಕ್ವಾರ್ತ್ಸಕ್ಕೆ ಓದಬೇಕು!"
ಮನೆಗೆ ಬಂದು ನಾನು
ಈ ಗೋಡೆಯಿಂದ ಆ ಗೋಡೆಗೆ ಬೆರಳಿಟ್ಟು ಓದಿದೆ.
ಭೂಮಿಯ ಚಿಪ್ಪಿಗೂ ಅದೇ ಮಾತು.
ಎಪ್ಪತ್ತೇಳರ ಭೂಕಂಪದ ರಾತ್ರಿ
ಕೆಳಗಿನದು ನಡುಗಿತು,
ಮೇಲಿನದು ಮೊಳೆ ಕಿತ್ತು ನನ್ನ ಮೇಲೆ ಬಿತ್ತು.
ಬೆಚ್ಚಗಿತ್ತು.

ಬೇರೆ ಹೆಸರುಗಳೂ ಉಂಟು.
ಬೆಂಚಿನ ಉದ್ದಕ್ಕೆ ಹಾಸಿದರೆ ಲಯ್ಚೇರ್,
ಗೋಡೆಗೆ ಒರಗಿದವರ ಬೆನ್ನಿಗೆ ಸಿಕ್ಕರೆ ಪರೆತಾರ್,
ಅಂಗಡಿಯವನ ಬಾಯಲ್ಲಿ ಕೊವೋರ್,
ಮದುವೆಯ ದಿನ ಗಾಡಿ ಏರಿತೋ, ಬಳುವಳಿ.
ಕುರಿಗೆ ಇದೆಲ್ಲ ಗೊತ್ತೇ?
ಅಮ್ಮ ಮಾತ್ರ ಬಿಟ್ಟುಕೊಡುವವಳಲ್ಲ.
ಲಯ್ಚೇರನ್ನು ಕೊವೋರ್ ಎಂದ ಕಿಶಿನೌವಿನ ಸೊಸೆಯೊಡನೆ
ಒಂದು ವಾರ ಮಾತು ಬಿಟ್ಟಿದ್ದಳು.

ಈಗ ಮಾತೇ ಅವಳನ್ನು ಬಿಟ್ಟಿದೆ.
ನೀರು ತೋರಿಸಿದರೆ ಆ.
ನನ್ನನ್ನು ತೋರಿಸಿಕೊಂಡರೆ ಆ.

ಹನ್ನೆರಡನೆಯ ದಿನ ತಲೆ ಬಾಚುತ್ತಿದ್ದೆ.
ಹಣಿಗೆ ಕೂದಲಿಗೆ ಇಳಿದಾಗಲೆಲ್ಲ
ಅವಳ ಎಡಗೈ ಹೊದಿಕೆಯ ಮೇಲೆ
ಹೊಕ್ಕು ಬಡಿಯುತ್ತಿತ್ತು.
ಆಗ ಬಂತು ಒಂದು ಪದ, ತೊದಲಿಲ್ಲದೆ, ಎರಡು ಸಲ:
"ರಜ್ಬೋಯ್. ರಜ್ಬೋಯ್."

ನರ್ಸ್ ಒತೀಲಿಯಾ ಓಡಿ ಬಂದು ಕಿಟಕಿ ಮುಚ್ಚಿದಳು.
"ಇಲ್ಲ ಅಜ್ಜಿ, ಯುದ್ಧ ಇಲ್ಲಿಲ್ಲ,
ಗಡಿಯಾಚೆ, ಬಹಳ ದೂರ."
ಹೊರಗೆ ಕಾರಿಡಾರಿನಲ್ಲಿ
ಒದೆಸ್ಸಾದಿಂದ ಬಂದ ಹೆಂಗಸರು ಚೀಲಗಳನ್ನೇ ದಿಂಬು ಮಾಡಿ ಮಲಗಿದ್ದರು.

ಯುದ್ಧಕ್ಕೂ ಮಗ್ಗಕ್ಕೂ ನಮ್ಮಲ್ಲಿ ಒಂದೇ ಪದ.
ಯಾರು ಇಟ್ಟರೋ, ಏನು ಕಂಡು ಇಟ್ಟರೋ.
ನಲವತ್ತನಾಲ್ಕರಲ್ಲಿ, ಅಮ್ಮನಿಗೆ ಏಳು,
ಸೈನಿಕರು ಅಜ್ಜಿಯ ಮಗ್ಗ ಮುರಿದು ಒಲೆಗಿಟ್ಟರಂತೆ.
"ರಜ್ಬೋಯ್ ರಜ್ಬೋಯನ್ನು ಸುಟ್ಟಿತು" ಎನ್ನುತ್ತಿದ್ದಳು,
ಒಗಟಿನ ಹಾಗೆ,
ಉತ್ತರ ಹೇಳುವವರಿಗೆ ಕಾಯುತ್ತಿರಲಿಲ್ಲ.
ಮೊನ್ನೆ ಅಂದದ್ದು ಯಾವುದನ್ನೋ, ನನಗೆ ತಿಳಿಯದು.

ಮರುದಿನ ಮನೆಯಿಂದ ಒಂದು ಲಯ್ಚೇರ್ ತಂದು ಹೊದಿಸಿದೆ.
ನಾನು ಹನ್ನೊಂದರಲ್ಲಿ ನೇಯ್ದದ್ದು,
ನನ್ನ ಅಳು ನೋಡಲಾರದೆ ಅವಳು ಬಿಚ್ಚಿಸದೆ ಬಿಟ್ಟದ್ದು.
ಎಡಗೈ ಹೊರಟಿತು, ಅಂಚು ಹಿಡಿದು, ಮೆಲ್ಲಗೆ,
ಈರುಳ್ಳಿ ಸಿಪ್ಪೆಯ ಹಳದಿ ದಾಟಿ,
ಅಕ್ರೋಟದ ಕಂದು ದಾಟಿ,
ಹಾಸು ಎಣಿಸುತ್ತ, ಹೊಕ್ಕು ಎಣಿಸುತ್ತ,
ಬಂದು ನಿಂತಿತು ನೇರ ಅಲ್ಲೇ:
ಎರಡು ಎಳೆ ತಪ್ಪಿ
ಹಕ್ಕಿಯ ಕೊಕ್ಕು ಸೊಟ್ಟಗಾದ ಜಾಗ.
ಉಗುರಿನಿಂದ ಕೆರೆದಳು.
ನನ್ನನ್ನು ನೋಡಿದಳು.
ನಾಲಗೆಯನ್ನು ಅಂಗುಳಕ್ಕೆ ಒತ್ತಿ
ಲೊಚ್ ಎಂದಳು.

ಸರಿ ಅಮ್ಮ, ಎಂದೆ.
ಕತ್ತರಿ ಇದೆಯೇ ಎಂದು ಕೇಳಲು
ಒತೀಲಿಯಾಳನ್ನು ಹುಡುಕಿಕೊಂಡು ಹೊರಟೆ.